ಓಡು ಒಂದು ಕಡೆ, ಬಾ ಒಂದು ಕಡೆ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಮಾಧಾನವಾಗಿ ಹೇಳಬಹುದು. ಒಂದು ಶನಿವಾರ ಮಧ್ಯಾಹ್ನ, ಯಾರೂ ಹೇಳದಿದ್ದರೂ, ನಾನು ಮುನ್ನೂರ ಹನ್ನೆರಡು ಕ್ಯಾಸೆಟ್ ಡಬ್ಬಿಗಳನ್ನು ನೆಟ್ಟಗೆ ಮಾಡಿ ಇಟ್ಟೆ.

ನಾನು ಕೆಲಸ ಮಾಡುವುದು ವಸ್ತುಸಂಗ್ರಹಾಲಯವೊಂದರ ಎರಡನೇ ಮಹಡಿಯ ಧ್ವನಿ ಕೋಣೆಯಲ್ಲಿ. ಕೆಳಗೆ ಹುಲಿ, ಜಿಂಕೆ, ಹದ್ದುಗಳು ಹೊಟ್ಟೆಗೆ ಹುಲ್ಲು ತುಂಬಿಸಿಕೊಂಡು ಗಾಜಿನ ಹಿಂದೆ ನಿಂತಿವೆ. ಅವುಗಳ ದನಿ ಮಾತ್ರ ಮೇಲೆ, ನಮ್ಮ ಕಪಾಟಿನಲ್ಲಿದೆ. ಕಪ್ಪೆ, ಜೀರುಂಡೆ, ನವಿಲು, ನರಿ, ಮಂಗ, ಹೀಗೆ ಮುನ್ನೂರ ಹನ್ನೆರಡು ಜಾತಿ. ಕಾಡು, ಕೆರೆ, ಚರಂಡಿ ಎಂದು ನೋಡದೆ ಅಲೆದು ಅವನ್ನೆಲ್ಲ ಹಿಡಿದು ತಂದವರು ನಮ್ಮ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮೂವತ್ತು ವರ್ಷ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಓಡಾಡಿದ್ದಕ್ಕೆ ಎಲ್ಲರೂ ಅವರನ್ನು ಕಿವಿ ಮೇಷ್ಟ್ರು ಎಂದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕಿವಿ ಬಿದ್ದುಹೋಗಿ ಬರೀ ಮೇಷ್ಟ್ರು ಉಳಿದಿದ್ದರು.

ಅವರ ಪ್ರಕಾರ ಪ್ರಾಣಿಗಳ ಭಾಷೆಯಲ್ಲಿ ಇರುವುದು ಎರಡೇ ಮಾತು. ಒಂದು 'ಓಡು', ಇನ್ನೊಂದು 'ಬಾ'.

"ಗಿಡುಗ ಬಂತು, ಓಡು. ನಾನಿಲ್ಲಿದ್ದೀನಿ, ಎಷ್ಟು ಚೆನ್ನಾಗಿದ್ದೀನಿ ನೋಡು, ಬಾ. ಬದುಕೋಕೆ ಒಂದು, ಸಂಸಾರಕ್ಕೆ ಒಂದು. ಮಿಕ್ಕಿದ್ದೆಲ್ಲ ಒಗ್ಗರಣೆ ಕಣಮ್ಮ."

ನಾನು ಸಂಜೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಸರ್ಟಿಫಿಕೇಟ್ ಕೋರ್ಸ್ ಮಾಡುತ್ತಿದ್ದೆ. ನಮ್ಮ ಪುಸ್ತಕದಲ್ಲಿ ಇದೇ ವಿಷಯಕ್ಕೆ ನಲವತ್ತು ಪುಟಗಳಿದ್ದವು. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಮೇಷ್ಟ್ರೇ, ಮರಿ ಹಸಿವಾಗಿ ಕೂಗೋದು?"

"ಅದೂ ಬಾ ಅನ್ನೋದೇ ಅಲ್ವಾ?"

"ಗಂಡು ಜಿಂಕೆ ಇನ್ನೊಂದು ಗಂಡಿಗೆ ಗುಟುರು ಹಾಕೋದು?"

"ಅದು ಓಡು."

ನಾನು ಪುಸ್ತಕ ಮುಚ್ಚಿದೆ.

ನಮ್ಮ ಪ್ರತಿಯೊಂದು ಕ್ಯಾಸೆಟ್ಟಿನಲ್ಲೂ ಹೀಗೇ. ಮೊದಲನೇ ಕಡೆ ಆ ಪ್ರಾಣಿಯ ಓಡು, ಎರಡನೇ ಕಡೆ ಬಾ. ಕೇಳಿ ಮುಗಿದ ಮೇಲೆ ಹಿಂದಕ್ಕೆ ಸುತ್ತುವಂತಿಲ್ಲ. ಸುತ್ತಿದಷ್ಟೂ ಟೇಪು ಸವೆಯುತ್ತದೆ ಎನ್ನುವುದು ಮೇಷ್ಟ್ರ ಕಟ್ಟುನಿಟ್ಟು. ಮೊದಲನೇ ಕಡೆ ಕೇಳಿ ಮುಗಿಸಿದರೆ ಕ್ಯಾಸೆಟ್ಟನ್ನು ಹಾಗೇ ಮಗುಚಿ, ಎರಡನೇ ಕಡೆ ಮೇಲೆ ಬರುವಂತೆ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಪಾಟಿನಲ್ಲಿ ತಲೆಕೆಳಗಾಗಿ ನಿಲ್ಲಿಸಬೇಕು. ತಲೆಕೆಳಗಾದ ಡಬ್ಬಿ ಎಂದರೆ ಬಾ ಸಿದ್ಧವಾಗಿದೆ. ನೆಟ್ಟಗಿರುವ ಡಬ್ಬಿ ಎಂದರೆ ಓಡು ಸಿದ್ಧವಾಗಿದೆ. ಕ್ಯಾಸೆಟ್ಟಿನ ಮೇಲಿನ ಪೆನ್ಸಿಲ್ ಅಕ್ಷರಗಳು ಅಳಿಸಿ ಎಷ್ಟೋ ವರ್ಷವಾಗಿತ್ತು. ಮೇಷ್ಟ್ರು ಡಬ್ಬಿ ನೋಡುತ್ತಿದ್ದರು, ಕೈ ಹಾಕುತ್ತಿದ್ದರು, ಯಂತ್ರಕ್ಕೆ ಹಾಕುತ್ತಿದ್ದರು. ಓದುವ ಗೋಜೇ ಇಲ್ಲ.

ಆ ನಿಯಮ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೇರಿದ ವಾರ ಹೇಳಿದ್ದರು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಆದರೆ ತಲೆಕೆಳಗಾದ ಹೆಸರುಗಳನ್ನು ದಿನವೂ ನೋಡುವಾಗ ನನ್ನ ಮೈಯಲ್ಲಿ ಏನೋ ಹರಿದಂತಾಗುತ್ತಿತ್ತು. ಆ ಶನಿವಾರ ಮೇಷ್ಟ್ರು ಬೇಗ ಹೊರಟಿದ್ದರು. ಧೂಳು ಒರೆಸುತ್ತ ಒಂದನ್ನು ನೆಟ್ಟಗೆ ಮಾಡಿದೆ. ಆಮೇಲೆ ಅದರ ಪಕ್ಕದ್ದು ಕೆಟ್ಟದಾಗಿ ಕಂಡಿತು. ಅದನ್ನೂ ಮಾಡಿದೆ. ಐದು ಗಂಟೆಯ ಹೊತ್ತಿಗೆ ಇಡೀ ಕಪಾಟು ಕವಾಯತಿಗೆ ನಿಂತಂತಿತ್ತು. ಒಳಗಿನ ಕ್ಯಾಸೆಟ್ಟುಗಳಿಗೆ ನಾನು ಕೈ ಹಚ್ಚಲಿಲ್ಲ. ಹಚ್ಚಬಾರದು ಎಂದು ಹೇಳಿದ್ದರಲ್ಲ.

ಸೋಮವಾರ ನಿರ್ದೇಶಕರು ಮಹಡಿ ಹತ್ತಿ ಬಂದರು. ಕಪಾಟು ನೋಡಿ "ಪರವಾಗಿಲ್ವೇ, ಶಿಸ್ತಾಗಿದೆ" ಎಂದರು. ನನಗೆ ಖುಷಿಯಾಯಿತು. ಆಮೇಲೆ ಬಂದ ಕೆಲಸ ಹೇಳಿದರು. ವರ್ಷದಿಂದ ಈ ಕೋಣೆಗೆ ಹೊರಗಿನವರು ಒಬ್ಬರೂ ಬಂದಿಲ್ಲ. ತಿಂಗಳ ಕೊನೆಯೊಳಗೆ, ಇಲ್ಲಿಂದ ಯಾರಿಗಾದರೂ ಉಪಯೋಗವಾಯಿತು ಎನ್ನುವ ಒಂದು ಕಾಗದ ಬೇಕು. ಬರದಿದ್ದರೆ ಕೋಣೆ ಜೆರಾಕ್ಸ್ ಯಂತ್ರಕ್ಕೆ, ಕ್ಯಾಸೆಟ್ಟುಗಳು ನೆಲಮಾಳಿಗೆಗೆ, ಮೇಷ್ಟ್ರು ಟಿಕೆಟ್ ಕೌಂಟರಿಗೆ.

ನಾನು ಎಲ್ಲಿಗೆ ಎಂದು ಅವರು ಹೇಳಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ನೆಲಮಾಳಿಗೆಯ ಗೋಡೆ ಬೆವರುತ್ತದೆ. ಅಲ್ಲಿಟ್ಟ ಟೇಪಿಗೆ ಎರಡು ವರ್ಷದಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಟಿಕೆಟ್ ಕೌಂಟರು. ದಪ್ಪ ಗಾಜು, ಅದರಲ್ಲೊಂದು ಸಣ್ಣ ತೂತು, ಆಚೆ ನೂರು ಜನರ ಗಲಾಟೆ. ಮೇಷ್ಟ್ರಿಗೆ ಕಿವಿ ಮಂದವಾಗಿತ್ತು. ದಪ್ಪ ದನಿ, ಗಟ್ಟಿ ದನಿ ಕೇಳುತ್ತಿತ್ತು. ತೆಳು ದನಿ, ಕೀರಲು ದನಿ ಕೇಳುತ್ತಲೇ ಇರಲಿಲ್ಲ. ಹಕ್ಕಿಗಳ ಟೇಪನ್ನು ಅವರು ಯಂತ್ರದ ಮುಳ್ಳು ಆಡುವುದನ್ನು ನೋಡಿ ಕೇಳುತ್ತಿದ್ದರು. ಇದು ಯಾರಿಗೂ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು. ನನಗೆ ಗೊತ್ತಿಲ್ಲ ಎಂದು ಅವರು ತಿಳಿಯುವಂತೆ ನಾನು ನಡೆದುಕೊಳ್ಳುತ್ತಿದ್ದೆ. ನನ್ನದು ತೆಳು ದನಿ. ಅವರ ಎದುರಿಗೆ ಹೋಗಿ ನಿಂತು, ತುಟಿ ಕಾಣುವಂತೆ ಮಾತಾಡುವುದು ಅಭ್ಯಾಸವಾಗಿತ್ತು.

ಹದಿನೆಂಟನೇ ತಾರೀಕು ಬೆಳಿಗ್ಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಬಂತು, ಅದಕ್ಕಿಂತ ಮೊದಲು ಒಂದು ದನಿ ಬಂತು.

"ಇಲ್ಲಿ ಹಕ್ಕಿ ಓಡಿಸೋರು ಯಾರು?"

ಬಾಗಿಲಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನಿಂತಿದ್ದರು. ಕೂದಲ ಮೇಲೆ, ಹುಬ್ಬಿನ ಮೇಲೆ ತೆಳುವಾಗಿ ಧಾನ್ಯದ ಹೊಟ್ಟು ಕೂತಿತ್ತು.

"ಓಡಿಸೋರಲ್ಲ, ಹಕ್ಕಿ ದನಿ ಇಡೋರು" ಎಂದೆ.

"ಏನಂದೆ? ಬಾಯಿಬಿಟ್ಟು ಮಾತಾಡಮ್ಮ."

ಮೇಷ್ಟ್ರು ಬೆನ್ನು ಹಾಕಿ ಕೂತಿದ್ದರು. ಅವರನ್ನು ತಿರುಗಿಸಬೇಕಾದರೆ ನಾನು ದಿನವೂ ಮೇಜು ತಟ್ಟಬೇಕು. ಅವತ್ತು ತಾವಾಗಿಯೇ ತಿರುಗಿದರು. ಕೋಣೆಯಲ್ಲಿ ಯಾರೋ ದೀಪ ಹಾಕಿದರೇನೋ ಎನ್ನುವಂತೆ ನೋಡಿದರು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಏನು ಸಮಾಚಾರ?"

ಅವರು ಧಾನ್ಯದ ಗೋದಾಮಿನ ಮೇಲ್ವಿಚಾರಕಿ. ಇಪ್ಪತ್ತೆರಡು ವರ್ಷ ಕಾಳು ಕೇರುವ ಯಂತ್ರಗಳ ಮಧ್ಯೆ ನಿಂತು ಮಾತಾಡಿ ಮಾತಾಡಿ, ಈಗ ಯಂತ್ರ ಇಲ್ಲದ ಕಡೆಯೂ ಅದೇ ದನಿ. ಗೋದಾಮಿನ ಸೂರಿನಲ್ಲಿ ಮೈನಾಗಳು ಸೇರಿಕೊಂಡಿದ್ದವು.

"ನಲವತ್ತಿದಾವೆ ಸ್ವಾಮಿ. ಚೀಲದ ಮೇಲೆಲ್ಲ ಹಿಕ್ಕೆ. ಇಪ್ಪತ್ತೆಂಟಕ್ಕೆ ತಪಾಸಣೆಯೋರು ಬರ್ತಾರೆ, ಒಂದೇ ಒಂದು ಹಕ್ಕಿ ಕಂಡ್ರೂ ಗೋದಾಮಿಗೆ ಬೀಗ. ಬೆದರುಗೊಂಬೆ ನಿಲ್ಲಿಸ್ದೆ. ಅದರ ತಲೆ ಮೇಲೆ ಕೂತ್ವು. ತಗಡು ಬಡಿಸ್ದೆ. ಜೊತೆಗೆ ಹಾಡಿದ್ವು."

"ಗಿಡುಗನ್ನ ಕಂಡ ಮೈನಾ ಕಿರುಚಿದ್ದು ನಮ್ಮಲ್ಲಿದೆ. ಅದನ್ನ ಹಾಕಿದ್ರೆ ಕಾಲು ಕಿತ್ತು ಓಡ್ತವೆ."

"ಹಕ್ಕಿಗಿರೋದು ರೆಕ್ಕೆ."

"ಅದನ್ನೂ ಕೀಳ್ತವೆ ಬಿಡಿ."

ಮೇಡಂ ನಕ್ಕರು. ಕಿಟಕಿಯ ಗಾಜು ಸಣ್ಣಗೆ ಅದುರಿತು. ಮೇಷ್ಟ್ರೂ ನಕ್ಕರು, ಕೈಯಿಂದ ಕೂದಲು ಸರಿಮಾಡಿಕೊಂಡರು. ಕೊಡಬೇಕಾದ್ದೇನು ಎಂದು ಅವರು ಕೇಳಿದ್ದಕ್ಕೆ ಮೇಷ್ಟ್ರು, "ಏನೂ ಬೇಡ. ಹಕ್ಕಿ ಹೋದ ಮೇಲೆ, ಉಪಯೋಗವಾಯ್ತು ಅಂತ ಒಂದು ಕಾಗದ ಬರ್ಕೊಡಿ. ಇಲ್ದಿದ್ರೆ ನಮ್ಮನ್ನೂ ಇಲ್ಲಿಂದ ಓಡಿಸ್ತಾರೆ" ಎಂದರು.

ಅವತ್ತು ಸಂಜೆ ನನಗೆ ಕಾಲೇಜಿನಲ್ಲಿ ಪರೀಕ್ಷೆ ಇತ್ತು. ಹೊರಡುವಾಗ ಮೇಷ್ಟ್ರ ಎದುರಿಗೆ ನಿಂತು, "ನಾಳೆ ಬೆಳಿಗ್ಗೆ ಇಬ್ಬರೂ ಕೂತು ಕಾಪಿ ಮಾಡೋಣ, ಒಂದು ಸಲ ಕೇಳಿ ಕೊಡೋಣ" ಎಂದೆ.

"ಮೈನಾ ಕ್ಯಾಸೆಟ್ಟು ನನಗೆ ಗೊತ್ತಿಲ್ವೇನಮ್ಮ? ನೀನು ಹೋಗು, ಪರೀಕ್ಷೆ ಬರಿ."

ನಿಮಗೆ ಕೇಳಿಸುವುದಿಲ್ಲ ಎನ್ನಲೇ? ಹೋದೆ, ಪರೀಕ್ಷೆ ಬರೆದೆ. 'ಪ್ರಾಣಿಗಳ ಸಂವಹನದಲ್ಲಿ ಎಚ್ಚರಿಕೆಯ ಕರೆ ಮತ್ತು ಪ್ರಣಯದ ಕರೆಗಳ ವ್ಯತ್ಯಾಸವನ್ನು ವಿವರಿಸಿ' ಎನ್ನುವ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆದೆ. ಇದನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಮರುದಿನ ಕೋಣೆಗೆ ಹೋದಾಗ ಕಾಪಿ ಆಗಿ, ಕ್ಯಾಸೆಟ್ಟು ತಲುಪಿಯೂ ಆಗಿತ್ತು. ಮೇಷ್ಟ್ರು ರಾತ್ರಿಯಾಗುವ ಮೊದಲೇ ಎರಡು ಬಸ್ಸು ಬದಲಾಯಿಸಿ ತಾವೇ ಹೋಗಿ ಕೊಟ್ಟು ಬಂದಿದ್ದರು.

ಇಪ್ಪತ್ತೆರಡಕ್ಕೆ ಫೋನ್ ಬಂತು. ನಾನು ಎತ್ತಿದೆ. ಆದರೆ ಕೋಣೆಯ ಆ ತುದಿಯಲ್ಲಿದ್ದ ಮೇಷ್ಟ್ರಿಗೂ ಎಲ್ಲ ಕೇಳಿಸಿತು.

"ನಲವತ್ತಿದ್ದದ್ದು ನೂರಾ ಅರವತ್ತಾಗಿವೆ. ಅದೇನು ಹಾಕಿ ಕೊಟ್ರಿ ಸ್ವಾಮಿ? ಊರಿಗೆಲ್ಲ ಡಂಗುರ ಹೊಡೆದಂಗಿದೆ. ಈಗ್ಲೇ ಬನ್ನಿ."

ಹೋದೆವು. ಗೋದಾಮು ಉದ್ದವಾದ ತಗಡಿನ ಕಟ್ಟಡ. ಹಿಂದೆ ಬಳಕೆ ತಪ್ಪಿದ, ಇಟ್ಟಿಗೆಯ ಒಂದು ನೀರಿನ ತೊಟ್ಟಿ ಎತ್ತರಕ್ಕೆ ನಿಂತಿತ್ತು. ಅಲ್ಲಲ್ಲಿ ಇಟ್ಟಿಗೆ ಬಿದ್ದು ಗೋಡೆಯೆಲ್ಲ ತೂತು. ಒಳಗೆ ಚೀಲಗಳನ್ನು ಸೂರಿನವರೆಗೆ ಪೇರಿಸಿದ್ದರು. ಅಡ್ಡತೊಲೆಗೆ ಕಟ್ಟಿದ ಕಹಳೆಯಂಥ ಸ್ಪೀಕರಿನಿಂದ ನಮ್ಮ ಕ್ಯಾಸೆಟ್ಟಿನ ದನಿ ಬರುತ್ತಿತ್ತು. ಕುಲುಕುಲು, ಟಕ್ ಟಕ್, ನಡುವೆ ಒಂದು ಸಿಳ್ಳೆ, ಆಮೇಲೆ ಗಂಟಲಲ್ಲೇ ಉರುಳಿಸಿದಂಥ ಒಂದು ಮೆತ್ತನೆ ಮಾತು.

ಅದು ಓಡು ಅಲ್ಲ. ಅಪ್ಪಟ ಬಾ.

ಸ್ಪೀಕರಿನ ಸುತ್ತ ಗಂಡು ಮೈನಾಗಳು ಕತ್ತಿನ ಗರಿ ಉಬ್ಬಿಸಿಕೊಂಡು, ತಲೆ ಬಗ್ಗಿಸಿ ಎತ್ತಿ ಬಗ್ಗಿಸಿ ಎತ್ತಿ ನಮಸ್ಕಾರ ಹೊಡೆಯುತ್ತಿದ್ದವು. ಕೆಲವು ಇವನ್ಯಾರು ಹೊಸಬ ಎಂದು ಸ್ಪೀಕರಿನ ಜೊತೆಗೇ ಜಗಳಕ್ಕೆ ನಿಂತಿದ್ದವು. ಹೆಣ್ಣುಗಳು ಮನೆ ನೋಡಲು ಬಂದವರ ಹಾಗೆ ಗಾಳಿಗಂಡಿಗಳಲ್ಲಿ ತಲೆ ತೂರಿಸಿ ಒಳಗೆ ಹೊರಗೆ ಪರೀಕ್ಷಿಸುತ್ತಿದ್ದವು. ಒಂದು ಜೋಡಿಯಂತೂ ಸ್ಪೀಕರಿನ ಬಾಯೊಳಗೇ ಹುಲ್ಲುಕಡ್ಡಿ ತುರುಕುತ್ತಿತ್ತು.

ಮೇಡಂ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದರು. "ಸ್ವಾಮಿ, ನನಗೆ ಶಾಸ್ತ್ರ ಗೊತ್ತಿಲ್ಲ. ಆದ್ರೆ ಇದು ಹೆದರಿದೋರ ಮುಖ ಅಲ್ಲ."

ನನ್ನ ಕಣ್ಣ ಮುಂದೆ ಕವಾಯತಿಗೆ ನಿಂತ ಡಬ್ಬಿಗಳು ಬಂದವು. ಮೈನಾದ ಡಬ್ಬಿ ತಲೆಕೆಳಗಾಗಿತ್ತು. ನಾನು ನೆಟ್ಟಗೆ ಮಾಡಿದ್ದೆ. ಮೇಷ್ಟ್ರು ನೆಟ್ಟಗಿದೆ ಎಂದು ನಂಬಿ ಕೈ ಹಾಕಿದ್ದರು. ಮೇಷ್ಟ್ರ ಕಡೆ ನೋಡಿದೆ. ಅವರಿಗೆ ದನಿ ಕೇಳಿಸದಿದ್ದರೂ ಆ ನಮಸ್ಕಾರಗಳು ಕಂಡೇ ಕಂಡಿದ್ದವು. ಅವರ ಮುಖ ಬಿಳಿಚಿತ್ತು.

"ಎರಡು ದಿನ ಟೈಮ್ ಕೊಡಿ ಮೇಡಂ" ಎಂದಷ್ಟೇ ಹೇಳಿದರು. ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಬೇರೆ ಬೇರೆ ಕಿಟಕಿಗಳಿಂದ ಹೊರಗೆ ನೋಡಿದೆವು.

ಮನೆಯಲ್ಲಿ ನಾನು, ಅಣ್ಣ, ಅತ್ತಿಗೆ. ನಾನು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅತ್ತಿಗೆಗೆ ಎಲ್ಲ ತಿಳಿಯುತ್ತದೆ.

"ಏನು ಮಾಡ್ಕೊಂಡು ಬಂದೆ?"

ಹೇಳಿದೆ. ಡಬ್ಬಿಯ ವಿಷಯ, ಕಿವಿಯ ವಿಷಯ, ಇಪ್ಪತ್ತೆಂಟರ ವಿಷಯ. ನಾನು ಒಪ್ಪಿಕೊಂಡರೆ, ಕೊಡುವ ಮೊದಲು ಮೇಷ್ಟ್ರು ಯಾಕೆ ಕೇಳಿ ನೋಡಲಿಲ್ಲ ಎನ್ನುವ ಮಾತು ಬರುತ್ತದೆ. ಒಪ್ಪಿಕೊಳ್ಳದಿದ್ದರೆ ಅವರು ತಮ್ಮ ಕಿವಿಯದೇ ತಪ್ಪು ಎಂದುಕೊಳ್ಳುತ್ತಾರೆ. ಹೀಗೆ ಹೇಳಿದರೆ ಅಲ್ಲಿ, ಹಾಗೆ ಹೇಳಿದರೆ ಇಲ್ಲಿ ಎಂದು ನಾನು ಬಿಡಿಸಿಡುತ್ತಿರುವಾಗ ಅಣ್ಣ ಅಡುಗೆಮನೆಗೆ ಬಂದು ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡತೊಡಗಿದ. ಅವನ ಮೊಣಕೈ ಅತ್ತಿಗೆಗೆ ತಗಲುತ್ತಿತ್ತು. ಅತ್ತಿಗೆ ಕಾಫಿ ಲೋಟ ತೆಗೆದುಕೊಂಡು ಹೋಗಿ ಹೊರಗಿನ ಕೋಣೆಯ ಕಿಟಕಿಯ ಹತ್ತಿರ ಟಣ್ ಎಂದು ಇಟ್ಟು ಬಂದರು. ಅಣ್ಣ ಮುಚ್ಚಳ ಬಿಟ್ಟು ಹೊರಗೆ ನಡೆದ.

"ಹನ್ನೆರಡು ವರ್ಷದಲ್ಲಿ ಒಂದು ಸಲಾನೂ ಹೋಗಿ ಅಂದಿಲ್ಲ ಕಣೆ" ಎಂದರು ಅತ್ತಿಗೆ. "ಹೋಗಿ ಅಂದ್ರೆ ಯಾಕೆ ಅಂತಾರೆ. ಲೋಟ ಇಟ್ರೆ ಯಾಕೆ ಅನ್ನಲ್ಲ."

ನಾನು ಲೋಟದ ಸದ್ದು ಬಂದ ಕಡೆಗೇ ನೋಡುತ್ತ ಕೂತೆ. ಕಣ್ಣ ಮುಂದೆ ಗೋದಾಮಿನ ಹಿಂದಿನ ತೂತು ತೂತು ತೊಟ್ಟಿ ಬಂತು.

"ಏನು, ಹೊಳೀತಾ?" ಎಂದ ಅತ್ತಿಗೆ ಮತ್ತೆ ಕೇಳಿದರು, "ಅದಿರ್ಲಿ, ಎರಡು ಬಸ್ಸು ಹತ್ತಿ ಕ್ಯಾಸೆಟ್ಟು ತಾವೇ ಕೊಟ್ಟು ಬಂದ್ರಾ ನಿಮ್ಮ ಮೇಷ್ಟ್ರು?"

"ಹ್ಞೂಂ. ತುರ್ತಿತ್ತಲ್ಲ."

"ತುರ್ತು" ಎಂದು ಅತ್ತಿಗೆ ಆ ಪದವನ್ನೊಮ್ಮೆ ಬಾಯಲ್ಲಿಟ್ಟು ನೋಡಿದರು.

ಬೆಳಿಗ್ಗೆ ಮೇಷ್ಟ್ರ ಎದುರಿಗೆ ನಿಂತೆ. "ಡಬ್ಬಿ ನೆಟ್ಟಗೆ ಮಾಡಿದ್ದು ನಾನು."

ಅವರು ಯಂತ್ರ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. "ಏನು?"

"ಡಬ್ಬಿ, ಮೇಷ್ಟ್ರೇ."

"ಏನಮ್ಮ?"

"ಕ್ಯಾಸೆಟ್ ಡಬ್ಬಿಗಳನ್ನೆಲ್ಲ ನೆಟ್ಟಗೆ ಮಾಡಿದ್ದು ನಾನು. ತಪ್ಪು ನನ್ನದು." ನಾನು ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಕೆಳಗಿನ ಹುಲಿಯ ಹತ್ತಿರ ಕೂತಿರುವ ಕಾವಲುಗಾರ ಓಡಿಬಂದು ಬಾಗಿಲಲ್ಲಿ ನಿಂತು, "ಏನಾಯ್ತು, ಯಾರ ಜೊತೆ ಜಗಳ?" ಎಂದ. ಏನಿಲ್ಲ ಎಂದು ಕಳಿಸಿದೆವು.

ಮೇಷ್ಟ್ರು ಬಟ್ಟೆ ಮಡಿಸಿ ಇಟ್ಟರು. "ಕಾಪಿ ಮಾಡುವಾಗ ಮುಳ್ಳು ನೋಡ್ದೆ. ಓಡು ಅಂದ್ರೆ ಮುಳ್ಳು ಒಂದೇ ಸಲಕ್ಕೆ ಹಾರಿ ಬೀಳುತ್ತೆ. ಇದು ಉಯ್ಯಾಲೆ ಥರ ತೂಗ್ತಿತ್ತು. ಅನುಮಾನ ಬಂತು. ಬೆಳಿಗ್ಗೆ ನಿನ್ನ ಕೇಳಬಹುದಿತ್ತು. ಕೇಳಿದ್ರೆ ಕಿವಿ ವಿಷಯ ಬಾಯಿಬಿಟ್ಟು ಹೇಳ್ಬೇಕಾಗುತ್ತೆ ಅಂತ ಹೆದರ್ಕೊಂಡೆ."

"ನನಗೆ ಗೊತ್ತಿತ್ತು."

"ನಿನಗೆ ಗೊತ್ತು ಅನ್ನೋದು ನನಗೆ ಗೊತ್ತಿತ್ತಮ್ಮ. ಬರೀ ತುಟಿ ತೋರಿಸ್ಕೊಂಡು ಯಾರಾದ್ರೂ ಮಾತಾಡ್ತಾರಾ?"

ಆಮೇಲೆ ನಾನು ಲೋಟದ ವಿಷಯ ಹೇಳಿದೆ. ಓಡಿಸುವುದೊಂದೇ ಸಾಲದು, ಇನ್ನೊಂದು ಕಡೆಯಿಂದ ಕರೆಯಬೇಕು. ಗೋದಾಮಿನೊಳಗೆ ಓಡು, ಹಿಂದಿನ ತೊಟ್ಟಿಯಲ್ಲಿ ಬಾ. ಸುಳ್ಳು ಗಿಡುಗಕ್ಕೆ ಹಕ್ಕಿಗಳು ಬೇಗ ಹೊಂದಿಕೊಳ್ಳುತ್ತವೆ ಎಂದು ನಮ್ಮ ಪುಸ್ತಕದಲ್ಲಿತ್ತು. ಅದಕ್ಕೇ ಓಡು ದಿನಕ್ಕೆ ನಾಲ್ಕೇ ಸಲ, ಅರ್ಧರ್ಧ ನಿಮಿಷ. ಬಾ ಬೇಕಾದಷ್ಟು. ಮೇಷ್ಟ್ರು ಕೇಳಿ, ಮೈನಾಗೆ ತೂತು ಅಂದ್ರೆ ಅರಮನೆ ಎಂದು ತಲೆಯಾಡಿಸಿದರು. ಎರಡು ಕ್ಯಾಸೆಟ್ಟುಗಳನ್ನೂ ನಾನು ಮೂರು ಮೂರು ಸಲ ಕೇಳಿದೆ. ಬಸ್ ನಿಲ್ದಾಣದಿಂದ ವಾಪಸ್ ಬಂದು ನಾಲ್ಕನೇ ಸಲ ಕೇಳಿದೆ.

ಇಪ್ಪತ್ತನಾಲ್ಕಕ್ಕೆ ತೊಟ್ಟಿಗೆ ಇನ್ನೊಂದು ಸ್ಪೀಕರು ತಂದು ಎಲ್ಲ ಕಟ್ಟಿದೆವು. ಮೊದಲ ಸಲ ಓಡು ಹಾಕಿದಾಗ ಎರಡು ಬಿಟ್ಟು ಮಿಕ್ಕ ಹಕ್ಕಿಗಳೆಲ್ಲ ಒಂದೇ ಉಸಿರಿಗೆ ಎದ್ದು ಹೊರಗೆ ಹಾರಿದವು. ಮೇಡಂ "ಶಹಬ್ಬಾಸ್" ಎಂದರು. ಆ ದನಿಗೆ ಉಳಿದೆರಡೂ ಹಾರಿದವು. ಆದರೆ ಹತ್ತು ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದೆ ಬಂದವು. ಇಪ್ಪತ್ತೈದಕ್ಕೂ ಅದೇ ಕಥೆ. ಇಪ್ಪತ್ತಾರರ ಮಧ್ಯಾಹ್ನ ತೊಟ್ಟಿಯ ತೂತಿನಿಂದ ಮೊದಲ ಹಳದಿ ಕೊಕ್ಕು ಇಣುಕಿತು. ಅದರ ಹಿಂದೆ ನಮಸ್ಕಾರ ಹೊಡೆಯುವವರು ಬಂದರು, ಅವರ ಹಿಂದೆ ಮನೆ ನೋಡುವವರು. ಇಪ್ಪತ್ತೇಳರ ಹೊತ್ತಿಗೆ ಗೋದಾಮು ಖಾಲಿ.

ಒಂದು ಜೋಡಿ ಬಿಟ್ಟು. ಸ್ಪೀಕರಿನ ಬಾಯೊಳಗೆ ಹುಲ್ಲು ತುರುಕುತ್ತಿತ್ತಲ್ಲ, ಅದು. ನಾವು ಓಡು ಹಾಕಿದರೆ ಆ ಕೂಗು ಬರುವುದೇ ಅವುಗಳ ಮನೆಯ ಗೋಡೆಯಿಂದ. ಒಂದು ಗಳಿಗೆ ಹಾರುತ್ತಿದ್ದವು, ಮತ್ತೆ ಬಂದು ಕೂರುತ್ತಿದ್ದವು. ಏಣಿ ಹಾಕಿ ನೋಡಿದ ಮೇಡಂ ಅಲ್ಲಿಂದಲೇ ವರದಿ ಕೊಟ್ಟರು. ಗೂಡಿನಲ್ಲಿ ನೀಲಿ ಮೊಟ್ಟೆ. ಒಂದು.

ಒಂದೇ ಒಂದು ಹಕ್ಕಿ ಕಂಡರೂ ಬೀಗ ಎಂದಿದ್ದರು. ಬೀಗ ಬಿದ್ದರೆ ಕಾಗದ ಎಲ್ಲಿಂದ ಬರಬೇಕು? ಗೂಡು ಕಿತ್ತು ಎಸೆಯಿರಿ ಎನ್ನಲು ನಮಗ್ಯಾರಿಗೂ ಬಾಯಿ ಬರಲಿಲ್ಲ. ಕರೆದವರು ನಾವೇ.

"ಸ್ಪೀಕರನ್ನೇ ಸಾಗಿಸೋಣ" ಎಂದರು ಮೇಷ್ಟ್ರು. "ಹತ್ತು ಹತ್ತು ಹೆಜ್ಜೆ. ಪ್ರತಿ ಸಲ ನಿಂತು, ಜೋಡಿ ಬಂದು ಕೂತ ಮೇಲೆ ಮುಂದಕ್ಕೆ."

ಹೀಗಾಗಿ ಇಪ್ಪತ್ತೇಳರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಒಂದು ಏಣಿ, ಏಣಿಯ ತುದಿಗೆ ಕಟ್ಟಿದ ಒಂದು ಸ್ಪೀಕರು, ಅದರಲ್ಲೊಂದು ಮೊಟ್ಟೆ, ಇಷ್ಟು ಗೋದಾಮಿನಿಂದ ತೊಟ್ಟಿಯವರೆಗೆ ಪ್ರಯಾಣ ಮಾಡಿದವು. ಏಣಿಯ ಒಂದು ಕಾಲು ಮೇಷ್ಟ್ರ ಕೈಯಲ್ಲಿ, ಇನ್ನೊಂದು ಮೇಡಂ ಕೈಯಲ್ಲಿ. ನಾನು ಮುಂದೆ ಮುಂದೆ ಕಲ್ಲು ಸರಿಸುತ್ತ ಹೋದೆ. ಎಲ್ಲ ಕಲ್ಲುಗಳನ್ನೂ ಎರಡೆರಡು ಸಲ ಸರಿಸಿದೆ.

ನಾಲ್ಕನೇ ನಿಲುಗಡೆಯಲ್ಲಿ ಹೆಣ್ಣು ಮೈನಾ ಬಂದು ಏಣಿಯ ಮೇಲೆ ಕೂತಿತು. ಅದು ಬೆದರದಿರಲಿ ಎಂದು ಮೇಡಂ ಆ ಇಡೀ ಹತ್ತು ದಿನದಲ್ಲಿ ಮೊದಲ ಸಲ ಪಿಸುಗುಟ್ಟಿದರು. ಮೇಷ್ಟ್ರು ಸುಮ್ಮನೆ ನಿಂತಿದ್ದರು. ಮೇಡಂ ಮತ್ತೆ ಪಿಸುಗುಟ್ಟಿದರು. ನನಗೆ ಕೇಳಿಸಿತು, "ಎಡಕ್ಕೆ ವಾಲ್ತಿದೆ, ಹಿಡ್ಕೊಳ್ಳಿ" ಎಂದು. ನಾನು ಹೋಗಿ ಹಿಡಿಯಬೇಕು ಎನ್ನುವಷ್ಟರಲ್ಲಿ ಮೇಷ್ಟ್ರು ಹೇಳಿದರು.

"ನೀವು ಹೇಳಿದ್ದು ಕೇಳಿಸ್ತಿಲ್ಲ ಮೇಡಂ. ನನಗೆ ಕಿವಿ ಮಂದ."

ಮೂವತ್ತು ವರ್ಷದ ಕಿವಿ ಮೇಷ್ಟ್ರು ಅದನ್ನು ಬಿಸಿಲಲ್ಲಿ, ಏಣಿ ಹಿಡಿದುಕೊಂಡು, ಹವಾಮಾನದ ವಿಷಯದಂತೆ ಹೇಳಿದರು.

"ಗೊತ್ತು ಬಿಡಿ ಸ್ವಾಮಿ" ಎಂದರು ಮೇಡಂ, ತಮ್ಮ ಮಾಮೂಲಿ ದನಿಯಲ್ಲಿ. ಮೈನಾ ಹಾರಿ ದೂರದ ಕಂಬದ ಮೇಲೆ ಕೂತಿತು. "ಇಪ್ಪತ್ತೆರಡು ವರ್ಷದಲ್ಲಿ, ಸ್ವಲ್ಪ ಮೆಲ್ಲಗೆ ಮಾತಾಡಮ್ಮ ಅನ್ನದೇ ಇದ್ದೋರು ನೀವೊಬ್ಬರೇ. ಅವತ್ತೇ ಗೊತ್ತಾಯ್ತು. ನನಗೂ ಮನೇಲಿ ಮಾತಾಡೋಕೆ ಯಾರಿಲ್ಲ, ಅವರು ಹೋಗಿ ಹತ್ತು ವರ್ಷ ಆಯ್ತು. ಏಣಿ ಎಡಕ್ಕೆ ವಾಲ್ತಿದೆ, ಹಿಡ್ಕೊಳ್ಳಿ."

ಮೇಷ್ಟ್ರು ಹಿಡಿದುಕೊಂಡರು. ಮೈನಾ ಹಿಂದೆ ಬಂತು. ಐದು ಗಂಟೆಗೆ ಸ್ಪೀಕರು ತೊಟ್ಟಿಯ ಗೋಡೆಗೆ ಒರಗಿತು. ಅದರ ಕೂಗುವ ಕೆಲಸ ಮುಗಿದಿತ್ತು, ಈಗ ಅದು ಬರೀ ಮನೆ.

ಇಪ್ಪತ್ತೆಂಟಕ್ಕೆ ತಪಾಸಣೆಯವರು ಬಂದು, ಮೇಲೆ ಕೆಳಗೆ ನೋಡಿ, ಒಂದು ಚೀಲಕ್ಕೆ ಮೂಗು ಹಚ್ಚಿ, ಸಹಿ ಮಾಡಿ ಹೋದರಂತೆ. ಇಪ್ಪತ್ತೊಂಬತ್ತಕ್ಕೆ ಕಾಗದ ಬಂತು. ನಾನು ಮೇಡಂ ಹತ್ತಿರ, ನಡೆದದ್ದನ್ನೆಲ್ಲ ಬರೆಯಬೇಕು, ನಮ್ಮ ತಪ್ಪನ್ನೂ ಬಿಡಬಾರದು ಎಂದು ಬೇಡಿಕೊಂಡಿದ್ದೆ. ಆಮೇಲೆ ಯಾಕಾದರೂ ಬೇಡಿಕೊಂಡೆನೋ ಎಂದು ಎರಡು ದಿನ ಒದ್ದಾಡಿದ್ದೆ. ನಿರ್ದೇಶಕರು ಅದನ್ನು ನಮ್ಮೆದುರಿಗೇ ಗಟ್ಟಿಯಾಗಿ ಓದಿದರು.

'ನಿಮ್ಮ ಧ್ವನಿ ಕೋಣೆಯವರು ಮೊದಲು ತಪ್ಪು ಕ್ಯಾಸೆಟ್ ಕೊಟ್ಟರು. ನಲವತ್ತು ಹಕ್ಕಿಗಳು ನೂರಾ ಅರವತ್ತಾದವು. ಇದರಿಂದ ಕ್ಯಾಸೆಟ್ ಕೆಲಸ ಮಾಡುತ್ತದೆ ಎಂದು ನನಗೆ ಖಚಿತವಾಯಿತು. ಆಮೇಲೆ ಸರಿಯಾದದ್ದನ್ನೂ ತಪ್ಪಾದದ್ದನ್ನೂ ಸರಿಯಾದ ಜಾಗದಲ್ಲಿ ಹಾಕಿದರು. ಈಗ ಹಕ್ಕಿಗಳು ಅವುಗಳ ಜಾಗದಲ್ಲಿವೆ, ಧಾನ್ಯ ಅದರ ಜಾಗದಲ್ಲಿದೆ. ಇವರನ್ನೂ ಇವರ ಜಾಗದಲ್ಲೇ ಬಿಡಬೇಕಾಗಿ ವಿನಂತಿ.'

ನಿರ್ದೇಶಕರು ಕಾಗದವನ್ನು ಮಡಿಸಿದರು, ಬಿಚ್ಚಿದರು, ಮತ್ತೊಮ್ಮೆ ಓದಿದರು. "ಜೆರಾಕ್ಸ್ ಯಂತ್ರ ಮೆಟ್ಟಿಲ ಕೆಳಗೆ ಹಿಡಿಯುತ್ತೇನೋ ನೋಡ್ರಿ" ಎಂದು ಗುಮಾಸ್ತರಿಗೆ ಹೇಳಿದರು. ಹಿಡಿಯಿತು.

ಡಬ್ಬಿಗಳನ್ನು ನಾನೇ ಒಂದೊಂದಾಗಿ ತೆರೆದು, ಕೇಳಿ, ತಲೆಕೆಳಗಾಗಬೇಕಾದ್ದನ್ನು ತಲೆಕೆಳಗು ಮಾಡಿದೆ. ಮೂರು ವಾರ ಹಿಡಿಯಿತು. ಈಗ ಕೇಳುವ ಕೆಲಸ ನನ್ನದು, ಕೈಯ ಕೆಲಸ ಮೇಷ್ಟ್ರದು, ಯಾರೂ ಯಾರಿಂದಲೂ ಏನನ್ನೂ ಬಚ್ಚಿಡುವುದಿಲ್ಲ. ಹೊರಗಿನವರು ಬಂದರೆ ಬರೆದಿಡಲು ಒಂದು ದಪ್ಪ ಪುಸ್ತಕ ಇಟ್ಟಿದ್ದೇನೆ. ತಾರೀಕು, ಬಂದವರು, ಬಂದ ಕಾರಣ.

ಅದರಲ್ಲಿ ಮೇಡಂ ಒಬ್ಬರದೇ ಹನ್ನೊಂದು ಸಾಲುಗಳಿವೆ. ಸ್ಪೀಕರಿನ ತಂತಿ ಸಡಿಲವಾಗಿದೆ: ದೂರು. ಮರಿಗಳು ತುಂಬ ಗಲಾಟೆ ಮಾಡುತ್ತವೆ: ದೂರು. ಮರಿಗಳು ಹಾರಿಹೋಗಿ ಗೋದಾಮು ಬಣಗುಡುತ್ತಿದೆ: ದೂರು. ಇಷ್ಟೊಂದು ದೂರು ಬರುತ್ತಿದೆಯಲ್ಲ, ಮತ್ತೆ ನಾವೇನು ತಪ್ಪು ಮಾಡಿದೆವು ಎಂದು ನಾನು ಅತ್ತಿಗೆಯ ಹತ್ತಿರ ಪೇಚಾಡಿದೆ. ಅತ್ತಿಗೆ ಲೋಟ ತೊಳೆಯುತ್ತ ನಕ್ಕರು. "ಮಗುಚಿ ಕೇಳಿ ನೋಡೆ" ಎಂದರು.

ಮೊನ್ನೆ ಶುಕ್ರವಾರ ಮೇಡಂ ಮತ್ತೆ ಬಂದರು. ಹುಬ್ಬಿನ ಮೇಲಿನ ಹೊಟ್ಟು ಒರೆಸಿಕೊಂಡಿದ್ದರು.

"ಒಂದು ಮೈನಾ ವಾಪಸ್ ಬಂದಂಗಿದೆ ಸ್ವಾಮಿ. ಬಂದು ನೋಡಬೇಕು."

"ಯಾವಾಗ ಬರ್ಲಿ?"

"ಭಾನುವಾರ. ಗೋದಾಮಿಗೆ ರಜ, ಯಂತ್ರ ಇರಲ್ಲ. ಮಾತು ಕೇಳಿಸುತ್ತೆ."

"ರೆಕಾರ್ಡರ್ ತರಬೇಕಾ?"

"ಏನೂ ಬೇಡ. ಸುಮ್ನೆ ಬನ್ನಿ."

ಇದನ್ನು ಅವರು ಗುಟ್ಟಾಗಿಯೇ ಹೇಳಿದರು ಎಂದು ಕಾಣುತ್ತದೆ. ಕೆಳಗಿನ ಕಾವಲುಗಾರ ಆಮೇಲೆ, ಭಾನುವಾರ ಮೇಷ್ಟ್ರು ಎಲ್ಲಿಗೆ ಹೋಗ್ತಾರಂತೆ ಎಂದು ನನ್ನನ್ನು ಕೇಳಿದ. ಮೇಷ್ಟ್ರು ಮೇಡಂ ಎದುರಿಗೆ ನಿಂತು, ಕೂದಲು ಸರಿಮಾಡಿಕೊಂಡು, ಹ್ಞೂಂ ಎಂದು ಒಂದು ಸಲ, ಮತ್ತೆ ಒಂದು ಸಲ ತಲೆ ಬಗ್ಗಿಸಿ ಎತ್ತಿದರು.

ನಾನು ಪುಸ್ತಕ ತೆರೆದೆ. ತಾರೀಕು ಬರೆದೆ, ಬಂದವರು ಎನ್ನುವ ಕಡೆ 'ಗೋದಾಮಿನ ಮೇಡಂ' ಎಂದು ಬರೆದೆ. ಬಂದ ಕಾರಣ ಎನ್ನುವ ಕಡೆ 'ದೂ' ಎಂದು ಬರೆದು ನಿಲ್ಲಿಸಿದೆ. ಸರಿಯಾಗಿ ಬರೆಯಬೇಕಲ್ಲ ಎಂದು ಮೂರು ಸಲ ಯೋಚಿಸಿದೆ. ಆಮೇಲೆ ಅದನ್ನು ಹೊಡೆದುಹಾಕಿ, ಆ ಜಾಗವನ್ನು ಹಾಗೇ ಖಾಲಿ ಬಿಟ್ಟು, ಪುಸ್ತಕ ಮುಚ್ಚಿ, ಧೂಳು ಒರೆಸುವ ಬಟ್ಟೆ ತೆಗೆದುಕೊಂಡು ಹುಲಿಯ ಗಾಜು ಒರೆಸಲು ಕೆಳಗೆ ಹೋದೆ.